ಪ್ರೈಮರಿ ಮಕ್ಕಳಿಗೆ ಮನೆಯಲ್ಲೇ ಇತಿಹಾಸವನ್ನು ಕೈಯಾರೆ ಮಾಡಿಸಿ ಕಲಿಸೋದು ಹೇಗೆ?

ಎಂಟು ವರ್ಷದ ಮಗ ಇತಿಹಾಸದ ಪುಸ್ತಕ ತೆರೆದ ಕೂಡಲೇ ಆಕಳಿಸುತ್ತಾನೆ, ಏನಾದರೂ ಮಾಡಿಸುತ್ತಾ ಹೇಳಿಕೊಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ನನ್ನ ಇಬ್ಬರು ಮಕ್ಕಳ ಜೊತೆ ನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಮೊದಲೇ ಒಂದು ಮಾತು. ಥರ್ಮಾಕೋಲಿನ ಕೋಟೆ, ರಟ್ಟಿನ ಪಿರಮಿಡ್ಡುಗಳಿಂದ ಶುರು ಮಾಡಬೇಡಿ. ನಾವು ಹಾಗೇ ಶುರು ಮಾಡಿದ್ದೆವು. ಪಿರಮಿಡ್ಡು ಚೆನ್ನಾಗಿಯೇ ಬಂತು. ಆದರೆ ವಾರ ಕಳೆದ ಮೇಲೆ ಮಗಳಿಗೆ ನೆನಪಿದ್ದದ್ದು ಅಂಟು ಒಣಗೋಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದು ಮಾತ್ರ. ಅದಕ್ಕೇ ಈಗ ಆ ಕಾಲದ ಜನ ಮಾಡುತ್ತಿದ್ದ ಕೆಲಸವನ್ನೇ ಮಕ್ಕಳ ಕೈಗೆ ಕೊಡುತ್ತೇನೆ. ಅವರಿಗೆ ಬಂದ ತೊಂದರೆ ಇವರಿಗೂ ಬರಲಿ. ವಿವರಣೆ ಆಮೇಲೆ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಜೇಡಿಮಣ್ಣಿನ ಪಾಠ. ಸುಮಾರು 5000 ವರ್ಷದ ಹಿಂದೆ ಮೆಸೊಪೊಟೇಮಿಯಾದ (ಈಗಿನ ಇರಾಕ್ ಇರುವ ಕಡೆಯ) ಜನ ಒದ್ದೆ ಮಣ್ಣಿನ ಹಲಗೆಯ ಮೇಲೆ ಲೆಕ್ಕ ಬರೆದಿಡುತ್ತಿದ್ದರು. ಎಷ್ಟು ಕುರಿ ಬಂತು, ಎಷ್ಟು ಧಾನ್ಯ ಹೋಯಿತು, ಇಂಥವು. ಅಂಗೈಯಗಲದ ಹಲಗೆ ತಟ್ಟಿ ಮಗನ ಮುಂದಿಡಿ. ಒಂದು ಚೂಪು ಕಡ್ಡಿ ಕೊಟ್ಟು ಕುರಿಯ ತಲೆ ಬರೆಯೋಕೆ ಹೇಳಿ. ಗೆರೆ ಎಳೆದಂತೆಲ್ಲಾ ಮಣ್ಣು ಕಿತ್ತು ಬರುತ್ತೆ, ಅಂಚು ಉಬ್ಬುತ್ತೆ, ದುಂಡಗಿನ ಗೆರೆ ಕೆಡುತ್ತೆ. ಸ್ವಲ್ಪ ಹೊತ್ತು ಒದ್ದಾಡಲಿ, ಸುಮ್ನೆ ನೋಡುತ್ತಾ ಕೂತಿರಿ. ಆಮೇಲೆ ಮರದ ಸ್ಕೇಲಿನ ಮೂಲೆಯನ್ನು ಓರೆಯಾಗಿ ಒತ್ತೋಕೆ ಹೇಳಿ. ಪುಟ್ಟ ಬೆಣೆಯಂಥ ಗುರುತು ಸ್ವಚ್ಛವಾಗಿ ಮೂಡುತ್ತೆ. ಅವರ ಲಿಪಿಯಲ್ಲಿ ಚಿತ್ರಗಳು ಹೋಗಿ ಬೆಣೆ ಗುರುತುಗಳು ಯಾಕೆ ಬಂದವು ಅಂತ ಆಗ ನೀವು ಹೇಳಬೇಕಾಗೇ ಇಲ್ಲ. ನನ್ನ ಮಗಳು ತಾನೇ ಹೇಳಿದಳು, 'ಎಳೆಯೋದಕ್ಕಿಂತ ಒತ್ತೋದು ಸುಲಭ' ಅಂತ. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಇಸವಿಗಳಿಗೆ ಹಗ್ಗ ಬೇಕು. ಐದು ಮೀಟರ್ ಹಗ್ಗ ತಗೊಳ್ಳಿ, 1 ಸೆಂ.ಮೀ.ಗೆ 10 ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ. ಒಂದು ತುದಿ ಇವತ್ತು. ಮಗನ ವಯಸ್ಸು ಒಂದು ಸೆಂ.ಮೀ. ಕೂಡ ಆಗಲ್ಲ, ಎಪ್ಪತ್ತು ವರ್ಷದ ಅಜ್ಜಿ ಇದ್ದರೆ 7 ಸೆಂ.ಮೀ. ಜರ್ಮನಿಯ ಗುಟೆನ್‌ಬರ್ಗ್ ಪುಸ್ತಕ ಅಚ್ಚು ಹಾಕೋ ಕೆಲಸ ಶುರು ಮಾಡಿದ 1450ರ ಸುಮಾರಿಗೆ 57 ಸೆಂ.ಮೀ. ಹತ್ತಿರ ಬಟ್ಟೆ ಕ್ಲಿಪ್ ಹಾಕಿ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ತೀರಿಕೊಂಡ ಕ್ರಿ.ಪೂ. 30ಕ್ಕೆ ಸುಮಾರು 205. ಗೀಜಾದ ದೊಡ್ಡ ಪಿರಮಿಡ್ಡಿಗೆ ಸುಮಾರು 458. ಇಲ್ಲಿ ಸ್ವಲ್ಪ ನಿಲ್ಲಿ. ಪಿರಮಿಡ್ಡೂ ಕ್ಲಿಯೋಪಾತ್ರಳೂ ಒಂದೇ ಕಾಲದವರು ಅಂತ ದೊಡ್ಡವರೇ ಎಷ್ಟೋ ಜನ ಅಂದುಕೊಂಡಿರುತ್ತಾರೆ, ಅಲ್ವಾ? ಹಗ್ಗದಲ್ಲಿ ನೋಡಿದರೆ ಅವಳು ಪಿರಮಿಡ್ಡಿಗಿಂತ ನಮಗೇ ಹತ್ತಿರ. ನಮ್ಮ ಹಗ್ಗ ಗೋಡೆಯ ಮೇಲೇ ಇರುತ್ತೆ. ಹೊಸ ಹೆಸರು ಬಂದಾಗಲೆಲ್ಲಾ ಮಕ್ಕಳೇ ಅಳತೆ ಹಾಕಿ ಕ್ಲಿಪ್ ಸಿಕ್ಕಿಸುತ್ತಾರೆ.

ಉಳಿದ ಮಣ್ಣಲ್ಲಿ ಹರಪ್ಪದ ಇಟ್ಟಿಗೆ ಮಾಡಿಸಬಹುದು. ದಪ್ಪ 1, ಅಗಲ 2, ಉದ್ದ 4, ಇದು ಅವರು ಹೆಚ್ಚಾಗಿ ಬಳಸಿದ ಅಳತೆ. ನೂರಾರು ಕಿಲೋಮೀಟರ್ ದೂರದ ಊರುಗಳಲ್ಲೂ ಇದೇ ಅಳತೆ ಸಿಗುತ್ತೆ. ಎಲ್ಲರಿಗೂ ಇದನ್ನು ಹೇಳಿಕೊಟ್ಟವರು ಯಾರು ಅಂತ ಮಗ ಕೇಳಿದರೆ, ಅವರ ಲಿಪಿಯನ್ನು ಇನ್ನೂ ಯಾರಿಗೂ ಓದೋಕೆ ಆಗಿಲ್ಲ ಅಂತ ಹೇಳಿ. ಉತ್ತರ ಸಿಗದ ಪ್ರಶ್ನೆಗಳೂ ಇತಿಹಾಸದಲ್ಲಿವೆ ಅಂತ ಗೊತ್ತಾದರೆ ಮಕ್ಕಳ ಕಣ್ಣು ಅರಳುತ್ತೆ.

ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ಇವತ್ತೇ ಶುರು ಮಾಡಬೇಕು ಅಂದರೆ ಒಂದು ಕುಂಡ ತಗೊಳ್ಳಿ. ಅದರ ಮಣ್ಣಲ್ಲಿ ಒಂದು ಎಲೆ, ಕಾಗದದ ತುಂಡು, ಹತ್ತಿ ಬಟ್ಟೆ, ಮಡಕೆ ಚೂರು, ಒಂದು ಅಂಗಿ ಗುಂಡಿ ಹೂತಿಡಿ. ಆಗಾಗ ನೀರು ಹಾಕಿ. ಏನು ಉಳಿಯುತ್ತೆ, ಏನು ಹೋಗುತ್ತೆ ಅಂತ ಮಗ ಮೊದಲೇ ಬರೆದಿಡಲಿ. ಎರಡು ಮೂರು ತಿಂಗಳು ಬಿಟ್ಟು ಹಳೇ ಬ್ರಷ್ಷಿಂದ ಮೆಲ್ಲಗೆ ಮಣ್ಣು ಸರಿಸುತ್ತಾ ಹುಡುಕಿ. ನಾವು ಅಗೆದಾಗ ಎಲೆ ಕಾಣಲೇ ಇಲ್ಲ, ಬಟ್ಟೆ ಅಲ್ಲಲ್ಲಿ ತೂತಾಗಿತ್ತು, ಮಡಕೆ ಚೂರು ಹಾಗೇ ಇತ್ತು. 'ಹಾಗಾದ್ರೆ ಎಲೆಯಲ್ಲಿ, ಬಟ್ಟೆಯಲ್ಲಿ ಕೆಲಸ ಮಾಡ್ತಿದ್ದವರ ವಿಷ್ಯ ನಮಗೆ ಗೊತ್ತಾಗೋದು ಹೇಗೆ?' ಅಂತ ನನ್ನ ಮಗ ಕೇಳಿದ. ಆಮೇಲಿನ ಎರಡು ವಾರ ನಾವು ಅದನ್ನೇ ಹುಡುಕುತ್ತಾ ಕಳೆದೆವು.