ಜಪಾನಿನಲ್ಲಿ ಅಮೆರಿಕನ್ ಫುಟ್‌ಬಾಲ್ ಸೀಸನ್ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಕೆಲಸದ ಮೇಲೆ ಒಸಾಕಾಗೆ ಬರುತ್ತಿದ್ದೀರಿ, ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನೋಡಿ ಆಟ ಅಷ್ಟಿಷ್ಟು ಗೊತ್ತು, ಇಲ್ಲಿ ಯಾವುದನ್ನು ನೋಡಬೇಕು ಎಂದು ಕೇಳಿದ್ದೀರಿ. ನಾನು ಕೋಬೆಯಲ್ಲಿದ್ದೇನೆ. ಕಂಪನಿ ತಂಡಗಳ ಎಕ್ಸ್ ಲೀಗ್ ನೋಡಿ ಎಂದು ಹಲವರು ಹೇಳುತ್ತಾರೆ, ಏಕೆಂದರೆ ಆಟದ ಮಟ್ಟ ಅಲ್ಲೇ ಹೆಚ್ಚು. ನಾನು ಮಾತ್ರ ಕಾಲೇಜಿನಿಂದ ಶುರು ಮಾಡಿ ಎನ್ನುತ್ತೇನೆ. ಕಾನ್ಸಾಯ್ (ಒಸಾಕಾ, ಕ್ಯೋಟೊ, ಕೋಬೆ ಸುತ್ತಲಿನ ಪ್ರದೇಶ) ವಿದ್ಯಾರ್ಥಿ ಲೀಗಿನ ಒಂದನೇ ಡಿವಿಷನ್‌ನಲ್ಲಿ ಒಂದು ತಂಡ ಆರಿಸಿಕೊಳ್ಳಿ, ಇಡೀ ಶರತ್ಕಾಲ ಅದರ ಬೆನ್ನು ಬಿಡಬೇಡಿ.

ಅಲ್ಲಿರುವುದು ಎಂಟೇ ತಂಡ. ಒಂದೊಂದು ತಂಡವೂ ಉಳಿದ ಏಳರ ಜೊತೆ ಒಂದೊಂದು ಸಲ ಆಡುತ್ತದೆ, ಅಷ್ಟೇ. ಒಂದು ಶನಿವಾರ ಕೆಟ್ಟರೆ ಸರಿಪಡಿಸಿಕೊಳ್ಳಲು ಹೆಚ್ಚು ವಾರಗಳು ಉಳಿದಿರುವುದಿಲ್ಲ. ಕೆಳಗಿನ ಸ್ಥಾನದಲ್ಲಿ ಉಳಿದವರು ಎರಡನೇ ಡಿವಿಷನ್‌ನ ಮೇಲಿನ ತಂಡಗಳ ಜೊತೆ ಆಡಿ ಗೆದ್ದರೆ ಮಾತ್ರ ಜಾಗ ಉಳಿಸಿಕೊಳ್ಳುತ್ತಾರೆ, ಸೋತರೆ ಇಳಿಯುತ್ತಾರೆ. ಈ ಭಯ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇಲ್ಲ. ಹಾಗಾಗಿ ಇಲ್ಲಿ ಪಟ್ಟಿಯ ತಳದಲ್ಲಿರುವ ಎರಡು ತಂಡಗಳ ಪಂದ್ಯ ಕೂಡ ಉಸಿರು ಬಿಗಿಹಿಡಿದು ನೋಡುವಂತಿರುತ್ತದೆ.

ಇನ್ನೊಂದು ಕಾರಣ ಆ ಹುಡುಗರೇ. ನಾಲ್ಕನೇ ವರ್ಷದವರಿಗೆ ಸೀಸನ್‌ನ ಕೊನೆಯ ಪಂದ್ಯವೆಂದರೆ ಬಹುತೇಕ ಜೀವನದ ಕೊನೆಯ ಪಂದ್ಯ. ಏಪ್ರಿಲ್‌ಗೆ ಎಲ್ಲೋ ಒಂದು ಕಂಪನಿ ಸೇರುತ್ತಾರೆ, ಹೆಚ್ಚಿನವರು ಮತ್ತೆ ಹೆಲ್ಮೆಟ್ ಹಾಕುವುದಿಲ್ಲ. ಆಡುವವರು ಮಾತ್ರವಲ್ಲ, ಎದುರಾಳಿಯ ವಿಡಿಯೊ ತೆಗೆದು ಒಂದೊಂದು ಪ್ಲೇಯನ್ನೂ (ಚೆಂಡು ಚಲಿಸಿದಾಗಿನಿಂದ ನಿಲ್ಲುವವರೆಗಿನ ಆಟದ ತುಣುಕು) ಬಿಡಿಸಿ ನೋಡುವವರು, ಗಾಯಕ್ಕೆ ಪಟ್ಟಿ ಕಟ್ಟುವವರು, ಲೆಕ್ಕ ಬರೆಯುವವರು ಎಲ್ಲರೂ ವಿದ್ಯಾರ್ಥಿಗಳೇ. ಬೇರೆ ತಂಡಗಳ ಪಂದ್ಯಕ್ಕೆ ಹೋದಾಗ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಕ್ಯಾಮೆರಾ ಹಿಡಿದು ಕೂತ ಹುಡುಗ ಹುಡುಗಿಯರನ್ನು ಗಮನಿಸಿ. ಈ ಆಟದ ಅರ್ಧ ಯುದ್ಧ ನಡೆಯುವುದು ಅವರ ಕೋಣೆಯಲ್ಲಿ. ಪ್ರತಿ ಎಸೆತಕ್ಕೂ ಫೀಲ್ಡಿಂಗ್ ಹೊಸದಾಗಿ ಹೊಂದಿಸುವ ಕ್ರಿಕೆಟ್ ನಾಯಕನನ್ನು ಊಹಿಸಿಕೊಳ್ಳಿ, ಇಲ್ಲಿ ಎರಡೂ ಕಡೆಯವರು ಪ್ರತಿ ಪ್ಲೇಗೂ ಅದನ್ನೇ ಮಾಡುತ್ತಾರೆ.

ಕ್ಯೋಟೊ ವಿಶ್ವವಿದ್ಯಾಲಯದ ಗ್ಯಾಂಗ್‌ಸ್ಟರ್ಸ್ ಕಥೆ ಕೇಳಿದರೆ ನಾನು ಹೇಳುವುದು ಅರ್ಥವಾದೀತು. ದೇಶದಲ್ಲೇ ಅತಿ ಕಷ್ಟದ ಪ್ರವೇಶ ಪರೀಕ್ಷೆಗಳಲ್ಲೊಂದನ್ನು ಬರೆದು ಬಂದ, ಅಲ್ಲಿಯವರೆಗೆ ಈ ಚೆಂಡನ್ನೇ ಮುಟ್ಟಿರದ ಹುಡುಗರನ್ನು ಕೋಚ್ ಮಿಜುನೊ ಯೈಚಿ ತಯಾರು ಮಾಡಿದರು. ಆ ತಂಡ 1980ರ ದಶಕದಲ್ಲಿ ಕಾಲೇಜು ಚಾಂಪಿಯನ್ ಆಗಿದ್ದಷ್ಟೇ ಅಲ್ಲ, ಆಗ ಕಾಲೇಜು ಚಾಂಪಿಯನ್ ಮತ್ತು ಕಂಪನಿ ಚಾಂಪಿಯನ್ ನಡುವೆ ನಡೆಯುತ್ತಿದ್ದ ರೈಸ್ ಬೌಲ್ ಪಂದ್ಯದಲ್ಲಿ ಕಂಪನಿಯವರನ್ನೂ ಸೋಲಿಸಿತು. ಈಗ ಅಂಥ ಬಲ ಇಲ್ಲ. ಆದರೂ ಆ ಕಾಲದ ಮುದುಕರು ಇಂದಿಗೂ ಅವರ ಪಂದ್ಯಗಳಿಗೆ ಬಂದು ಕೂರುತ್ತಾರೆ.

ಸೀಸನ್ ಹೀಗೆ ಸಾಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಸ್ನೇಹ ಪಂದ್ಯಗಳು, ಅಂಕಪಟ್ಟಿಗೆ ಸೇರುವುದಿಲ್ಲ, ಕಲಿಯಲು ಬಂದವರಿಗೆ ಒಳ್ಳೆಯ ಸಮಯ. ಬೇಸಿಗೆಯಲ್ಲಿ ಅಭ್ಯಾಸ ಶಿಬಿರ. ಸೆಪ್ಟೆಂಬರ್ ಹೊತ್ತಿಗೆ ಲೀಗ್ ಕಾವೇರುತ್ತದೆ. ನವೆಂಬರ್‌ನಲ್ಲಿ ನೀಲಿಯ ಕ್ವಾನ್ಸೇ ಗಾಕುಯಿನ್ ಮತ್ತು ಕಡುಗೆಂಪಿನ ರಿತ್ಸುಮೈಕನ್ ವಿಶ್ವವಿದ್ಯಾಲಯಗಳು ಎದುರುಬದುರಾಗುವ ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಇಡೀ ವರ್ಷದಲ್ಲಿ ಒಂದೇ ಪಂದ್ಯ ನೋಡಲು ಸಾಧ್ಯ ಎಂದರೆ ನಾನು ಅದನ್ನೇ ಆರಿಸುತ್ತೇನೆ, ಫೈನಲ್ ಅನ್ನಲ್ಲ.

ಆದರೆ 2024ರಿಂದ ಆ ಪಂದ್ಯದ ಹರಿತ ಸ್ವಲ್ಪ ಕಡಿಮೆಯಾಗಿದೆ ಎಂಬುದು ನನ್ನ ಕೊರಗು. ಆ ವರ್ಷ, ಲೀಗ್ ಮುಗಿದ ಮೇಲೆ ನಡೆಯುವ ರಾಷ್ಟ್ರೀಯ ಕಾಲೇಜು ಟೂರ್ನಿಯನ್ನು 12 ತಂಡಗಳಿಗೆ ವಿಸ್ತರಿಸಿದರು: ಕಾಂಟೊ (ಟೋಕಿಯೊ ಸುತ್ತಲಿನ ಪ್ರದೇಶ) ಮತ್ತು ಕಾನ್ಸಾಯ್‌ನಿಂದ ಮೂರು ಮೂರು, ಉಳಿದ ಆರು ಪ್ರದೇಶಗಳಿಂದ ಒಂದೊಂದು. ಲೀಗಿನಲ್ಲಿ ಸೋತರೂ ಇನ್ನೊಂದು ಬಾಗಿಲು ತೆರೆದಿರುತ್ತದೆ. ಹಾಗೆಂದು ಲಾಭವೇ ಇಲ್ಲ ಎನ್ನಲಾರೆ. 2018ರಿಂದ 2023ರವರೆಗೆ ಸತತ ಆರು ಬಾರಿ ಚಾಂಪಿಯನ್ ಆದ ಕ್ವಾನ್ಸೇ ಗಾಕುಯಿನ್, ಆ ಹೊಸ ಟೂರ್ನಿಯ ಸೆಮಿಫೈನಲ್‌ನಲ್ಲಿ ಟೋಕಿಯೊದ ಹೊಸೇ ವಿಶ್ವವಿದ್ಯಾಲಯದ ಎದುರು ಸೋತಿತು. ಕೊನೆಗೆ ಹೊಸೇಯನ್ನು ಸೋಲಿಸಿ ಪ್ರಶಸ್ತಿ ಎತ್ತಿದ್ದು ರಿತ್ಸುಮೈಕನ್, 2015ರ ನಂತರ ಮೊದಲ ಸಲ.

ಕಾಲೇಜು ಫೈನಲ್ ಕೋಶಿಯೆನ್ ಬೌಲ್ ನಡೆಯುವುದು ಡಿಸೆಂಬರ್ ಮಧ್ಯದಲ್ಲಿ, ನಿಶಿನೊಮಿಯಾದ ಕೋಶಿಯೆನ್ ಕ್ರೀಡಾಂಗಣದಲ್ಲಿ. ಹೌದು, ಹೈಸ್ಕೂಲ್ ಬೇಸ್‌ಬಾಲ್‌ನ ಆ ಪವಿತ್ರ ಮೈದಾನವೇ. ಬೇಸ್‌ಬಾಲ್‌ಗೆಂದು ಮಣ್ಣು ಹಾಕಿದ ಜಾಗಕ್ಕೆ ಹುಲ್ಲು ಹೊದಿಸಿ ಗಜದ ಗೆರೆ ಎಳೆಯುತ್ತಾರೆ. ಮೊದಲ ಪಂದ್ಯ 1947ರಲ್ಲಿ, ಕೇಯೊ ಮತ್ತು ದೋಶಿಶಾ ನಡುವೆ. ಕ್ರೀಡಾಂಗಣದ ದುರಸ್ತಿಗಾಗಿ 2007 ಮತ್ತು 2008ರಲ್ಲಿ ಮಾತ್ರ ಪಂದ್ಯ ಒಸಾಕಾದ ನಾಗಾಯ್ ಕ್ರೀಡಾಂಗಣಕ್ಕೆ ಹೋಗಿತ್ತು. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ ಚಕ್ ಮಿಲ್ಸ್ ಹೆಸರಿನಲ್ಲಿದೆ. 1971ರಲ್ಲಿ ಯೂಟಾ ಸ್ಟೇಟ್ ತಂಡವನ್ನು ಇಲ್ಲಿಗೆ ಕರೆತಂದು ಆಡಿಸಿದ ಕೋಚ್ ಅವರು. ಒಸಾಕಾ ಉಮೆದಾದಿಂದ ಹಾನ್ಶಿನ್ ರೈಲು ಹತ್ತಿದರೆ ಕೋಶಿಯೆನ್‌ಗೆ ಕಾಲು ಗಂಟೆಯ ದಾರಿ. ದಪ್ಪ ಜಾಕೆಟ್ ತನ್ನಿ, ಮಧ್ಯಾಹ್ನ ಕಳೆದು ಗ್ಯಾಲರಿಯ ನೆರಳು ಬಿದ್ದ ಮೇಲೆ ಚಳಿ ಮೂಳೆಗೆ ಇಳಿಯುತ್ತದೆ.

ನೀಲಿ ಎದುರು ಕೆಂಪು, ಅಂದರೆ ಕ್ವಾನ್ಸೇ ಗಾಕುಯಿನ್ ಎದುರು ನಿಹೊನ್ ವಿಶ್ವವಿದ್ಯಾಲಯ, ಇದು ಕೋಶಿಯೆನ್‌ನ ಹಳೆಯ ವೈರ. 21 ಸಲ ಗೆದ್ದ ಆ ಕೆಂಪು ತಂಡ ಈಗ ಮೊದಲಿನಂತಿಲ್ಲ. 2018ರ ಮೇ ತಿಂಗಳ ಸ್ನೇಹ ಪಂದ್ಯದಲ್ಲಿ ಅದರ ಆಟಗಾರನೊಬ್ಬ, ಚೆಂಡು ಎಸೆದು ಮುಗಿಸಿದ್ದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗೆ ಹಿಂದಿನಿಂದ ಗುದ್ದಿದ್ದು ದೇಶವನ್ನೇ ಕಲಕಿತ್ತು. ಆಮೇಲೆ ಮಾದಕವಸ್ತು ಪ್ರಕರಣದಲ್ಲಿ ಆಟಗಾರರ ಬಂಧನವಾಗಿ 2023ರ ಕೊನೆಗೆ ವಿಶ್ವವಿದ್ಯಾಲಯ ಆ ಕ್ಲಬ್ಬನ್ನೇ ಮುಚ್ಚುವ ನಿರ್ಧಾರ ಮಾಡಿತು. ತಪ್ಪಿಗೆ ಶಿಕ್ಷೆ ಬೇಕಿತ್ತು. ಆದರೆ ಏನೂ ಮಾಡದ ಮೊದಲ ವರ್ಷದ ಹುಡುಗರ ತಂಡವೂ ಅದರ ಜೊತೆಗೇ ಹೋಯಿತಲ್ಲ, ಅದು ನನಗೆ ಇನ್ನೂ ನೋವು ಕೊಡುತ್ತದೆ.

ಈ ಆಟ ಅಮೆರಿಕದ ಸೈನಿಕರ ಜೊತೆ ಬಂದದ್ದು ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಟೋಕಿಯೊದ ರಿಕ್ಕ್ಯೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಪಾಲ್ ರಶ್ ಮತ್ತಿತರರು ಎರಡನೇ ಮಹಾಯುದ್ಧಕ್ಕೂ ಮೊದಲೇ, 1934ರಲ್ಲಿ, ವಿದ್ಯಾರ್ಥಿ ಲೀಗ್ ಕಟ್ಟಿದ್ದರು. ರಿಕ್ಕ್ಯೊ, ಮೇಜಿ, ವಾಸೆದಾ ಕಾಲೇಜುಗಳಲ್ಲಿ ಓದಲು ಬಂದಿದ್ದ ಜಪಾನಿ ಮೂಲದ ಅಮೆರಿಕನ್ ಹುಡುಗರು ಅದರ ಬೆನ್ನೆಲುಬಾಗಿದ್ದರು.

ಇನ್ನು ಎಕ್ಸ್ ಲೀಗ್. ಫುಜಿತ್ಸು, ಪ್ಯಾನಸಾನಿಕ್, ಒಬಿಕ್ ಹೆಸರಿನ ತಂಡಗಳು ದೊಡ್ಡವು. ಜಪಾನಿ ಆಟಗಾರರಲ್ಲಿ ಬಹುಪಾಲು ಜನ ವಾರವೆಲ್ಲ ಕೆಲಸ ಮಾಡಿ ಉಳಿದ ವೇಳೆಯಲ್ಲಿ ಅಭ್ಯಾಸಕ್ಕೆ ಬರುವವರು, ಜೊತೆಗೆ ಬೆರಳೆಣಿಕೆಯ ಅಮೆರಿಕನ್ನರು. ಪ್ರತಿ ಜನವರಿ 3ರಂದು ಟೋಕಿಯೊ ಡೋಮ್‌ನಲ್ಲಿ ನಡೆಯುವ ರೈಸ್ ಬೌಲ್ ಈಗ ಇವರ ಫೈನಲ್. 2021ರವರೆಗೆ ಅಲ್ಲಿ ಕಾಲೇಜು ಚಾಂಪಿಯನ್ ಮತ್ತು ಕಂಪನಿ ಚಾಂಪಿಯನ್ ಆಡುತ್ತಿದ್ದರು. 2009ರಲ್ಲಿ ರಿತ್ಸುಮೈಕನ್ ಗೆದ್ದದ್ದೇ ವಿದ್ಯಾರ್ಥಿಗಳ ಕೊನೆಯ ಗೆಲುವು, ಆಮೇಲೆ ಸತತ 12 ಸೋಲು. ದೇಹಬಲದ ಅಂತರ ಅಪಾಯದ ಮಟ್ಟಕ್ಕೆ ಹೋಗಿತ್ತು. ನಿಲ್ಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಇಪ್ಪತ್ತರ ಹುಡುಗರನ್ನು ಹಬ್ಬದ ಮನರಂಜನೆಗೆಂದು ಬಲಿ ಕೊಡುವುದು ನ್ಯಾಯವಲ್ಲ.

ಎನ್‌ಎಫ್‌ಎಲ್ ಕಣ್ಣಿನಿಂದ ನೋಡುವಾಗ ಒಂದು ನೆನಪಿರಲಿ. ಇಲ್ಲಿಯ ನಿಯಮಗಳು ಅಮೆರಿಕದ ಕಾಲೇಜು ನಿಯಮಗಳನ್ನು ಅನುಸರಿಸುತ್ತವೆ. ಗೆರೆಯೊಳಗೆ ಒಂದು ಪಾದ ಊರಿದರೂ ಕ್ಯಾಚ್ ಸರಿ. ಚೆಂಡು ಹಿಡಿದವನ ಮಂಡಿ ನೆಲಕ್ಕೆ ತಾಗಿದರೆ, ಯಾರೂ ಮುಟ್ಟದಿದ್ದರೂ, ಪ್ಲೇ ಮುಗಿಯಿತು.

ತಂಡದ ವಿಷಯ. ಗೆಲ್ಲುವವರ ಜೊತೆ ಇರಬೇಕೆಂದರೆ ನೀಲಿ ಇಲ್ಲವೇ ಕಡುಗೆಂಪು. ನನ್ನನ್ನು ಕೇಳಿದರೆ ಕ್ಯೋಟೊ, ಕೋಬೆ, ಕೊನಾನ್‌ನಂಥ ತಂಡವನ್ನು ನೋಡಿ. ಮೊದಲ ದಿನವೇ ಆ ತಂಡದ ಕಡೆಯ ಗ್ಯಾಲರಿಯಲ್ಲಿ, ಬ್ಯಾಂಡ್ ಮತ್ತು ಚಿಯರ್ ತಂಡದ ಹತ್ತಿರ ಕೂರಿ, ಭಾಷೆ ಬರದಿದ್ದರೂ ಪಕ್ಕದವರು ಚಪ್ಪಾಳೆಯ ತಾಳ ಹೇಳಿಕೊಡುತ್ತಾರೆ. ಪಂದ್ಯ ಯಾವ ಮೈದಾನದಲ್ಲಿ ಎಂಬುದನ್ನು ಲೀಗಿನ ಪಟ್ಟಿಯಲ್ಲಿ ಪ್ರತಿ ವಾರ ನೋಡಿಕೊಳ್ಳಿ, ಬದಲಾಗುತ್ತಿರುತ್ತದೆ. ನಿಮ್ಮ ತಂಡ ತಳದಲ್ಲಿ ಉಳಿದು ಜಾಗ ಉಳಿಸಿಕೊಳ್ಳುವ ಪಂದ್ಯಕ್ಕೆ ಬಿದ್ದರೆ ಬೇಸರಪಟ್ಟು ಮನೆಯಲ್ಲಿ ಕೂರಬೇಡಿ, ಬೇರೆ ಏನು ಕೆಲಸವಿದ್ದರೂ ಬಿಟ್ಟು ಅದಕ್ಕೆ ಹೋಗಿ.