ಬೆಳಗ್ಗೆ ಮೊದಲ ಬಿಲ್ಲಿಗೇ ಕೈಕೊಡೋ ಡೇಟಾಬೇಸ್

ಪ್ರಶ್ನೆ: ಸರ್, ಜಾವಾದಲ್ಲಿ ಒಂದು ಬಿಲ್ಲಿಂಗ್ ಆಪ್ ಮಾಡಿದೀನಿ, ಡೇಟಾಬೇಸ್ ಮೈಎಸ್‌ಕ್ಯೂಎಲ್. ದಿನವಿಡೀ ಚೆನ್ನಾಗಿ ಓಡತ್ತೆ, ಆದ್ರೆ ಬೆಳಗ್ಗೆ ಅಂಗಡಿ ತೆಗೆದ ತಕ್ಷಣ ಮೊದಲ ಒಂದೆರಡು ಬಿಲ್ಲಿಗೆ 'ಕಮ್ಯುನಿಕೇಶನ್ಸ್ ಲಿಂಕ್ ಫೇಲ್ಯೂರ್' ಅಂತ ಎರರ್, ಮತ್ತೆ ಒತ್ತಿದ್ರೆ ಸರಿಹೋಗತ್ತೆ. ನೆಟ್‌ವರ್ಕ್ ಪ್ರಾಬ್ಲಮ್ಮಾ?

ಉತ್ತರ: ಬೆಳಗ್ಗೆ ಮಾತ್ರ ಅಂದ್ರಲ್ಲ, ಸುಳಿವು ಅಲ್ಲೇ ಇದೆ ನೋಡಿ. ಮೈಎಸ್‌ಕ್ಯೂಎಲ್‌ನಲ್ಲಿ ವೇಟ್ ಟೈಮ್‌ಔಟ್ ಅಂತ ಒಂದು ಸೆಟ್ಟಿಂಗ್ ಇದೆ, ನೀವು ಮುಟ್ಟದೇ ಇದ್ರೆ 28800 ಸೆಕೆಂಡ್, ಅಂದ್ರೆ 8 ಗಂಟೆ. ಅಷ್ಟು ಹೊತ್ತು ಸುಮ್ನೆ ಕೂತಿರೋ ಕನೆಕ್ಷನ್ನನ್ನ ಸರ್ವರ್ರೇ ಕಟ್ ಮಾಡ್ಬಿಡತ್ತೆ, ಆದ್ರೆ ನಿಮ್ಮ ಕನೆಕ್ಷನ್ ಪೂಲಿಗೆ (ತೆರೆದ ಕನೆಕ್ಷನ್‌ಗಳನ್ನ ಮತ್ತೆ ಮತ್ತೆ ಬಳಸೋಕೆ ಕೂಡಿಟ್ಕೊಳ್ಳೋ ಆಪ್‌ನ ಭಾಗ) ಅದು ಗೊತ್ತೇ ಆಗಿರಲ್ಲ, ಆ ಸತ್ತಿರೋ ಕನೆಕ್ಷನ್ನೇ ಬೆಳಗ್ಗೆ ಎತ್ತಿ ಕೊಡತ್ತೆ. ರಾತ್ರಿ ಬಾಗಿಲು ಹಾಕಿ ಬೆಳಗ್ಗೆ ತೆಗೆಯೋ ಹೊತ್ತಿಗೆ 8 ಗಂಟೆ ದಾಟಿರತ್ತೆ ಅಲ್ವಾ. ಕೆಲವರು ಟೈಮ್‌ಔಟನ್ನೇ ಏರಿಸ್ತಾರೆ, ನಂಗದು ಇಷ್ಟ ಆಗಲ್ಲ, ಎರಡು ದಿನ ರಜೆ ಬಂದ್ರೆ ಮತ್ತೆ ಅದೇ ಕತೆ. ಪೂಲಿನ ಮ್ಯಾಕ್ಸ್ ಲೈಫ್‌ಟೈಮನ್ನ, ಅಂದ್ರೆ ಒಂದು ಕನೆಕ್ಷನ್ ಎಷ್ಟು ಹೊತ್ತಾದ್ಮೇಲೆ ಬಿಟ್ಟು ಹೊಸದು ತರಬೇಕು ಅನ್ನೋ ಸೆಟ್ಟಿಂಗನ್ನ, ಸರ್ವರ್ ಟೈಮ್‌ಔಟಿಗಿಂತ ಕಮ್ಮಿ ಇಡಿ. ಹಿಕಾರಿಸಿಪಿ ಅನ್ನೋ ಜಾವಾ ಪೂಲ್ ಲೈಬ್ರರಿ ಹಾಕಿದ್ರೆ ಅದು ತಾನಾಗೇ 30 ನಿಮಿಷ ಇರತ್ತೆ.

ಹಾಂ, ಮಧ್ಯಾಹ್ನದ ರಶ್ಶಲ್ಲಿ 'ಟೂ ಮೆನಿ ಕನೆಕ್ಷನ್ಸ್' ಅಂತ ಬಂದ್ರೆ ಅದು ಬೇರೆ ಕಾಯಿಲೆ, ಕೋಡಲ್ಲಿ ಎಲ್ಲೋ ಕನೆಕ್ಷನ್ ಕ್ಲೋಸ್ ಮಾಡೋಕೆ ಮರ್ತಿದೀರಾ ಅಂತ ಮೊದ್ಲು ಹುಡುಕಿ.