ಹೊಸ ಬ್ಯಾಂಡ್ ಮೊದಲ ಶೋಗೆ ಎಂಥ ರಾಕ್ ಹಾಡುಗಳನ್ನು ಆರಿಸಬೇಕು?

ಮೂರು-ನಾಲ್ಕು ಕಾರ್ಡ್‌ಗಳಲ್ಲೇ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮುಗಿಯುವ, ಮಧ್ಯಮ ವೇಗದ, ಪಲ್ಲವಿ ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ಆರಿಸಿ. 1966ರಲ್ಲಿ ದಿ ಟ್ರಾಗ್ಸ್ ಎಂಬ ಬ್ಯಾಂಡ್ ಹಾಡಿದ 'ವೈಲ್ಡ್ ಥಿಂಗ್' ಒಳ್ಳೆಯ ಉದಾಹರಣೆ. ಅದು ಬಹುಪಾಲು ಎ, ಡಿ, ಇ ಎಂಬ ಮೂರೇ ಕಾರ್ಡ್‌ಗಳ ಮೇಲೆ ನಿಂತಿದೆ.

ಕಾರಣ ಇಷ್ಟೇ: ಅವೇ ಕಾರ್ಡ್‌ಗಳು ಸುತ್ತಿ ಸುತ್ತಿ ಬಂದರೆ ಕೈ ತಾನಾಗಿಯೇ ಓಡುತ್ತದೆ. ಆಗ ನಿಮ್ಮ ಕಿವಿ ಡ್ರಮ್ಸ್ ಕಡೆ ಇರುತ್ತದೆ, ಎಲ್ಲರೂ ಒಂದೇ ತಾಳದಲ್ಲಿ ನಿಲ್ಲುತ್ತೀರಿ. ಒಂದು ಸ್ವರ ತಪ್ಪಿದರೆ ಜನ ಗಮನಿಸುವುದೇ ಕಡಿಮೆ. ತಾಳ ತಪ್ಪಿದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಇನ್ನು ಪಲ್ಲವಿ ಗೊತ್ತಿದ್ದರೆ ಜನರೇ ದನಿಗೂಡಿಸುತ್ತಾರೆ.

ಗಾಯಕರಿಗೆ ಶ್ರುತಿ ಜಾಸ್ತಿ ಎತ್ತರ ಅನಿಸಿದರೆ ಸುಮ್ನೆ ಕಷ್ಟಪಡಬೇಡಿ, ಇಳಿಸಿಕೊಳ್ಳಿ. ಉದ್ದನೆಯ ಗಿಟಾರ್ ಸೋಲೋ (ಗಿಟಾರ್ ಮುಂದೆ ನಿಂತು ನುಡಿಯುವ ಭಾಗ) ಇದ್ದರೆ ಕತ್ತರಿಸಿ.